ಸೂರ್ಯನ ಹಿಂದೆ ತಿರುಗುವ ಪ್ಯಾನೆಲ್ ಬೇಕೇ, ಕೂತಲ್ಲೇ ಕೂರುವ ಪ್ಯಾನೆಲ್ ಸಾಕೇ?



ನಮ್ಮ ಪತ್ರಿಕೆಯಲ್ಲಿ ಅಕ್ಕಿ ಬೇಳೆಯ ದರ, ಗ್ಯಾಸಿನ ದರ, ಕೆಲಸಗಾರರ ಕೊರತೆ ಇವುಗಳ ಬಗ್ಗೆ ಆಗಾಗ ಓದುತ್ತೇವೆ. ಪ್ರತಿ ತಿಂಗಳೂ ಗಲ್ಲಾದಿಂದ ಸದ್ದಿಲ್ಲದೆ ಹಣ ಎಳೆಯುವ ಇನ್ನೊಂದು ಖರ್ಚು ಕರೆಂಟು ಬಿಲ್ಲು. ಗ್ರೈಂಡರ್, ಫ್ರಿಜ್ಜು, ಡೀಪ್ ಫ್ರೀಜರ್, ಹೊಗೆ ಎಳೆಯುವ ಫ್ಯಾನು, ಎ.ಸಿ. ರೂಮು, ನೀರಿನ ಪಂಪು ಎಲ್ಲ ಸೇರಿದರೆ ಸಣ್ಣ ಹೋಟೆಲಿಗೂ ಬಿಲ್ಲು ಬೆವರಿಳಿಸುತ್ತದೆ. ಅದಕ್ಕೇ ಈಗ ಹೆಚ್ಚಿನವರು ತಾರಸಿಯ ಮೇಲೆ ಸೋಲಾರ್ ಹಾಕುವ ಯೋಚನೆಯಲ್ಲಿದ್ದಾರೆ. ನಾನೂ ಹಾಕಿದ್ದೇನೆ. ಹಾಕುವ ಮೊದಲು ಒಂದು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ಆ ತಪ್ಪು ನಿಮ್ಮಿಂದ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ಕ್ಲಾಸು. ಇಂಜಿನಿಯರ್ ಅಲ್ಲ. ಹೋಟೆಲಿನವನ ಲೆಕ್ಕದಲ್ಲಿ ಹೇಳುತ್ತೇನೆ.

ಮಾರಲು ಬಂದವರ ಮಾತು

ನಮ್ಮ ಹೋಟೆಲ್ ತಿರುವನಂತಪುರದ ಉಳ್ಳೂರಿನಲ್ಲಿದೆ. ಮೆಡಿಕಲ್ ಕಾಲೇಜು ಹತ್ತಿರ ಇರುವುದರಿಂದ ಬೆಳಿಗ್ಗೆ ಆರಕ್ಕೇ ಇಡ್ಲಿ ತಯಾರಿರಬೇಕು, ರಾತ್ರಿ ಹತ್ತರವರೆಗೆ ಕಾವಲಿ ಆರುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಎಲ್ಲರಂತೆ ನಾವೂ ಬಾಗಿಲು ಹಾಕಿದೆವು. ಹುಡುಗರೆಲ್ಲ ಕುಂದಾಪುರದ ಕಡೆಗೆ ಊರಿಗೆ ಹೋದರು. ಮತ್ತೆ ಮೊದಲಿನ ವ್ಯಾಪಾರಕ್ಕೆ ಬರಲು ಎರಡು ವರ್ಷ ಬೇಕಾಯಿತು. ಆಗ ಕೈಯಲ್ಲಿ ಉಳಿದದ್ದು ಒಂದು ಚಿಟ್ಟಿಯ ಹಣ ಮಾತ್ರ. ಮಗಳ ಮದುವೆಗೆಂದು ಕಟ್ಟಿಕೊಂಡು ಬಂದದ್ದು.

2022ರ ಕೊನೆಯಲ್ಲಿ ಒಂದು ಸೋಲಾರ್ ಕಂಪೆನಿಯ ಇಬ್ಬರು ಹುಡುಗರು ಬಂದರು. ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದರು. ಸೂರ್ಯಕಾಂತಿ ಹೂವಿನ ಹಾಗೆ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ತಾನೇ ತಿರುಗುವ ಪ್ಯಾನೆಲ್. ಇದಕ್ಕೆ ಟ್ರ್ಯಾಕರ್ ಎನ್ನುತ್ತಾರೆ. “ಸ್ವಾಮೀ, ಸಾದಾ ಪ್ಯಾನೆಲ್ ಒಂದೇ ಕಡೆ ನೋಡುತ್ತಾ ಕೂರುತ್ತದೆ. ಇದು ದಿನವಿಡೀ ಸೂರ್ಯನನ್ನೇ ನೋಡುತ್ತದೆ. ನೂರಕ್ಕೆ ಮೂವತ್ತು ಹೆಚ್ಚು ಕರೆಂಟು” ಎಂದರು. ಕೇಳಲು ಚೆನ್ನಾಗಿತ್ತು. 12 ಪ್ಯಾನೆಲ್‌ಗೆ ಎಲ್ಲ ಸೇರಿ 6 ಲಕ್ಷ 80 ಸಾವಿರ ರೂಪಾಯಿ ಎಂದು ಬರೆದುಕೊಟ್ಟರು. ನಾನು ಮುಂಗಡ ಕೊಡಲು ಚೆಕ್ಕು ಪುಸ್ತಕ ತೆಗೆದಿದ್ದೆ.

ಮನೆಯವಳು ಒಂದೇ ಮಾತು ಹೇಳಿದಳು. “ನೋಡಿ, ಅಣ್ಣ ಎರ್ನಾಕುಳಂನಲ್ಲಿ ಇಂಥದ್ದನ್ನೇ ಹಾಕಿದ್ದಾನಲ್ಲ, ಅವನನ್ನು ಒಂದು ಮಾತು ಕೇಳಿ. ಅವಸರ ಏನು?”

ಭಾವನ ಅನುಭವ

ಭಾವನ ಹೋಟೆಲಿನ ಹಿಂದೆ ಸ್ವಲ್ಪ ಖಾಲಿ ಜಾಗ ಇದೆ. ಅಲ್ಲಿ ಒಂದು ದೊಡ್ಡ ಕಂಬ ನಿಲ್ಲಿಸಿ ಅದರ ಮೇಲೆ ಎಂಟು ಪ್ಯಾನೆಲ್ ಕೂರಿಸಿದ್ದರು. ಎಡ ಬಲ, ಮೇಲೆ ಕೆಳಗೆ ಎರಡೂ ಕಡೆ ತಿರುಗುವ ಯಂತ್ರ. ಮೊದಲ ಬೇಸಿಗೆಯಲ್ಲಿ ಅವರಿಗೆ ಬಹಳ ಖುಷಿ. ಗಿರಾಕಿಗಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರಂತೆ.

ನಾನು ಫೋನ್ ಮಾಡಿದಾಗ ಅವರು ನಕ್ಕರು. “ಭಾವಯ್ಯ, ಆ ಯಂತ್ರದ ಹತ್ತಿರ ಮಾತ್ರ ಹೋಗಬೇಡಿ” ಎಂದರು. ಮಳೆಗಾಲ ಶುರುವಾದ ಮೇಲೆ ಮೋಡದ ದಿನ ಯಂತ್ರಕ್ಕೆ ಸೂರ್ಯ ಎಲ್ಲಿದ್ದಾನೆಂದು ಗೊತ್ತಾಗದೆ ಅತ್ತಿತ್ತ ಹೊರಳಾಡಿತು. ತೇವಕ್ಕೂ ಉಪ್ಪುಗಾಳಿಗೂ ಮೋಟಾರಿನ ಹಲ್ಲು ತುಕ್ಕು ಹಿಡಿಯಿತು. ಒಂದು ಸಂಜೆ ಪಶ್ಚಿಮಕ್ಕೆ ವಾಲಿದ್ದು ಮರುದಿನ ಬೆಳಿಗ್ಗೆ ವಾಪಸು ಬರಲೇ ಇಲ್ಲ. ಹೋಟೆಲಿನ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ. ಎರಡು ತಿಂಗಳ ಬಿಲ್ಲು ಬಂದಾಗಲೇ ಗೊತ್ತಾದದ್ದು. ಅಷ್ಟು ದಿನವೂ ಪ್ಯಾನೆಲ್ ಬೆಳಗಿನ ಸೂರ್ಯನಿಗೆ ಬೆನ್ನು ಹಾಕಿ ಕೂತಿತ್ತು. ರಿಪೇರಿಗೆ ಜನ ಬರಲು ಮತ್ತೆ ಒಂದೂವರೆ ತಿಂಗಳು. ಮಾರಿದವರು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು.

“ಈಗ ಹೇಗಿದೆ?” ಎಂದು ಕೇಳಿದೆ. “ಈಗ ಬೋಲ್ಟ್ ಹಾಕಿ ದಕ್ಷಿಣಕ್ಕೆ ಬಿಗಿದುಬಿಟ್ಟಿದ್ದೇನೆ. ಸಾದಾ ಪ್ಯಾನೆಲ್ ಆಗಿದೆ. ಚೆನ್ನಾಗಿ ಕೆಲಸ ಮಾಡುತ್ತಿದೆ” ಎಂದರು.

ಇದು ಒಬ್ಬರ ಅನುಭವ. ಇದೊಂದನ್ನೇ ಹಿಡಿದು ಟ್ರ್ಯಾಕರ್ ಕೆಟ್ಟದ್ದು ಎಂದು ಹೇಳುವುದು ನ್ಯಾಯವಲ್ಲ. ಆದ್ದರಿಂದ ನಾನು ಚೆಕ್ಕು ಪುಸ್ತಕ ಒಳಗಿಟ್ಟು, ಎರಡು ತಿಂಗಳು ತಿಳಿದವರನ್ನು ಕೇಳಿ, ಲೆಕ್ಕ ಹಾಕಿ ನೋಡಿದೆ.

ತಿರುಗಿದರೆ ಯಾಕೆ ಹೆಚ್ಚು ಕರೆಂಟು?

ಗಾಳಿಗೆ ಮಳೆ ಓರೆಯಾಗಿ ಹೊಡೆಯುವಾಗ ಒಂದು ತಟ್ಟೆಯನ್ನು ನೆಲಕ್ಕೆ ಸಮನಾಗಿ ಹಿಡಿಯಿರಿ. ಸ್ವಲ್ಪ ಹನಿ ಬೀಳುತ್ತದೆ. ಅದೇ ತಟ್ಟೆಯನ್ನು ಮಳೆ ಬರುವ ಕಡೆಗೆ ತಿರುಗಿಸಿ ಹಿಡಿದರೆ ಹೆಚ್ಚು ಹನಿ ಸಿಗುತ್ತದೆ. ಬಿಸಿಲೂ ಹಾಗೆಯೇ. ಸೂರ್ಯ ಪ್ಯಾನೆಲಿನ ಮುಖಕ್ಕೆ ನೇರವಾಗಿದ್ದರೆ ಪೂರ್ತಿ ಬಿಸಿಲು. ಅರುವತ್ತು ಡಿಗ್ರಿ ಓರೆಯಾದರೆ ಸಿಗುವ ನೇರ ಬಿಸಿಲು ಅರ್ಧ ಮಾತ್ರ. ಆದ್ದರಿಂದ ಟ್ರ್ಯಾಕರಿನ ಲಾಭ ಇರುವುದು ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಮಧ್ಯಾಹ್ನ ಮೂರರಿಂದ ಐದೂವರೆ ಈ ಹೊತ್ತಿನಲ್ಲಿ. ನಡು ಮಧ್ಯಾಹ್ನ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ತಿರುವನಂತಪುರ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಂಟೂವರೆ ಡಿಗ್ರಿಯಲ್ಲಿ. ಬೆಂಗಳೂರು 13 ಡಿಗ್ರಿಯಲ್ಲಿ. ಏಪ್ರಿಲ್ ಎರಡನೇ ವಾರದಲ್ಲೂ ಆಗಸ್ಟ್ ಕೊನೆಯಲ್ಲೂ ಇಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಬೀಳುತ್ತದೆ. ಜೂನಿನಲ್ಲಿ ಸೂರ್ಯ ನೆತ್ತಿಯಿಂದ 15 ಡಿಗ್ರಿ ಉತ್ತರಕ್ಕೆ ಹೋಗುತ್ತಾನೆ. ಡಿಸೆಂಬರಿನಲ್ಲಿ 32 ಡಿಗ್ರಿ ದಕ್ಷಿಣಕ್ಕೆ ಇಳಿಯುತ್ತಾನೆ. ಹೀಗಾಗಿ ನಮ್ಮ ಕಡೆ ದಕ್ಷಿಣಕ್ಕೆ ಸುಮಾರು ಹತ್ತು ಡಿಗ್ರಿ ವಾಲಿಸಿ ಬಿಗಿದ ಪ್ಯಾನೆಲ್ ವರ್ಷವಿಡೀ ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತದೆ. ಆ ಹತ್ತು ಡಿಗ್ರಿ ವಾಲು ಬೇಕೇ ಬೇಕು. ಇಲ್ಲದಿದ್ದರೆ ಮಳೆನೀರು ನಿಂತು ಕೊಳೆ ಕೂರುತ್ತದೆ.

ಟ್ರ್ಯಾಕರಿನಲ್ಲಿ ಎರಡು ಜಾತಿ. ಒಂದು ಪೂರ್ವ–ಪಶ್ಚಿಮ ಮಾತ್ರ ತಿರುಗುವುದು. ಇನ್ನೊಂದು ಎರಡೂ ದಿಕ್ಕಿಗೆ ತಿರುಗುವುದು. ಬಯಲು ಸೀಮೆಯ ಸ್ವಚ್ಛ ಬಿಸಿಲಿನಲ್ಲಿ ಮೊದಲನೆಯದರಿಂದ ನೂರಕ್ಕೆ 15ರಿಂದ 25, ಎರಡನೆಯದರಿಂದ 30ರವರೆಗೂ ಹೆಚ್ಚು ಸಿಗಬಹುದು. ಮಾರಲು ಬಂದವರು ಸುಳ್ಳು ಹೇಳಲಿಲ್ಲ. ಆದರೆ ಅವರು ಹೇಳಿದ್ದು ಮೋಡವಿಲ್ಲದ ಊರಿನ ಲೆಕ್ಕ.

ಮೋಡದ ದಿನ ಬೆಳಕು ಒಂದು ಕಡೆಯಿಂದ ಬರುವುದಿಲ್ಲ, ಇಡೀ ಆಕಾಶದಿಂದ ಚದುರಿ ಬರುತ್ತದೆ. ಆಗ ಸೂರ್ಯನಿರುವ ಕಡೆ ಮುಖ ಮಾಡಿ ಪ್ರಯೋಜನವಿಲ್ಲ. ಆಕಾಶಕ್ಕೆ ಅಂಗಾತ ಮಲಗಿದ ಪ್ಯಾನೆಲೇ ಹೆಚ್ಚು ಬೆಳಕು ಹಿಡಿಯುತ್ತದೆ. ಕೇರಳಕ್ಕೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆ, ಅಕ್ಟೋಬರ್–ನವೆಂಬರಿನಲ್ಲಿ ತುಲಾವರ್ಷ ಎಂಬ ಇನ್ನೊಂದು ಮಳೆ. ವರ್ಷದಲ್ಲಿ ಅರ್ಧ ಹೀಗೆ ಹೋದರೆ ಮೂವತ್ತು ಎಲ್ಲಿಂದ ಬರಬೇಕು? ಉಡುಪಿ, ಮಂಗಳೂರು, ಕಾಸರಗೋಡಿನ ಬಾಂಧವರಿಗೂ ಇದೇ ಮಾತು ಅನ್ವಯಿಸುತ್ತದೆ.

ತಾರಸಿಯ ಲೆಕ್ಕ

ಹೋಟೆಲಿನವರಿಗೆ ಎಲ್ಲಕ್ಕಿಂತ ಮುಖ್ಯ ವಿಷಯ ಜಾಗ. ಇದನ್ನು ಮಾರಲು ಬಂದವರು ಹೇಳುವುದಿಲ್ಲ.

ಸಾದಾ ಪ್ಯಾನೆಲಿಗೆ ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬೇಕು. ನಡೆದಾಡುವ ಜಾಗವೂ ಅದರಲ್ಲಿ ಸೇರಿತು. ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎಂಬುದು ಎಲ್ಲರೂ ಹಿಡಿಯುವ ಲೆಕ್ಕ.

ತಿರುಗುವ ಪ್ಯಾನೆಲ್ ಬೆಳಿಗ್ಗೆ ಪೂರ್ವಕ್ಕೆ ಎದ್ದು ನಿಂತಾಗ ಹಿಂದಿನದರ ಮೇಲೆ ಉದ್ದ ನೆರಳು ಬೀಳುತ್ತದೆ. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸರಪಣಿಯ ಹಾಗೆ ಜೋಡಿಸಿರುವುದರಿಂದ ಒಂದರ ಮೂಲೆಗೆ ನೆರಳು ಬಿದ್ದರೂ ಉಳಿದವುಗಳ ಉತ್ಪತ್ತಿ ಕುಸಿಯುತ್ತದೆ. ಅದಕ್ಕೆ ನಡುವೆ ದೊಡ್ಡ ಅಂತರ ಬಿಡಬೇಕು. ನೀರಿನ ಟ್ಯಾಂಕು, ಮೆಟ್ಟಿಲಿನ ಮಾಡು, ಹೊಗೆಗೂಡು ಇವನ್ನೆಲ್ಲ ಬಿಟ್ಟು ನಮ್ಮ ತಾರಸಿಯಲ್ಲಿ ಉಳಿಯುವುದು 1150 ಚದರ ಅಡಿ. ಅದರಲ್ಲಿ ಟ್ರ್ಯಾಕರಿನವರು 12 ಪ್ಯಾನೆಲ್ ಮಾತ್ರ ಕೂರಿಸಬಹುದೆಂದರು. ಸಾದಾ ಆದರೆ 21 ಕೂರುತ್ತದೆ. ಎಲ್ಲವೂ 550 ವ್ಯಾಟಿನವು. ಈಗ ನೋಡಿ:

ಟ್ರ್ಯಾಕರ್: 12 ಪ್ಯಾನೆಲ್, 6.6 ಕಿಲೋವ್ಯಾಟ್. ದಿನಕ್ಕೆ 26 ಯೂನಿಟ್. ಅವರು ಹೇಳಿದ ಮೂವತ್ತನ್ನೂ ಪೂರ್ತಿ ಒಪ್ಪಿ ಸೇರಿಸಿದರೆ 34 ಯೂನಿಟ್.

ಸಾದಾ: 21 ಪ್ಯಾನೆಲ್, 11.55 ಕಿಲೋವ್ಯಾಟ್. ದಿನಕ್ಕೆ 46 ಯೂನಿಟ್.

ಒಂದೇ ತಾರಸಿ, ದಿನಕ್ಕೆ 12 ಯೂನಿಟ್ ವ್ಯತ್ಯಾಸ, ಅದೂ ಅವರ ಮಾತನ್ನು ಪೂರ್ತಿ ನಂಬಿದ ಮೇಲೆ. ಸಾದಾ ಪ್ಯಾನೆಲಿಗೆ ನನಗೆ ಆದ ಖರ್ಚು ಆರೂಕಾಲು ಲಕ್ಷದ ಆಸುಪಾಸು, ಅಂದರೆ ಟ್ರ್ಯಾಕರಿಗಿಂತ ಕಡಿಮೆ. ಯೂನಿಟಿಗೆ 9 ರೂಪಾಯಿ ಹಿಡಿದರೆ ನನ್ನ ಹಣ ಸುಮಾರು ನಾಲ್ಕು ವರ್ಷದಲ್ಲಿ ವಾಪಸು. ಟ್ರ್ಯಾಕರ್ ಆಗಿದ್ದರೆ ಆರು ವರ್ಷ, ಒಂದು ದಿನವೂ ಕೆಡದಿದ್ದರೆ.

“ನಮಗೆ ಜಾಗದ ಕೊರತೆ ಇಲ್ಲ, ಖಾಲಿ ಸೈಟೇ ಇದೆ” ಎನ್ನುವವರಿಗೂ ಒಂದು ಲೆಕ್ಕ ಹೇಳುತ್ತೇನೆ. ಹತ್ತು ಕಿಲೋವ್ಯಾಟ್ ಸಾದಾ ಪ್ಯಾನೆಲ್ ದಿನಕ್ಕೆ 40 ಯೂನಿಟ್ ಕೊಡುತ್ತದೆ. ಟ್ರ್ಯಾಕರ್ ಹಾಕಿ ನಮ್ಮ ಹವೆಯಲ್ಲಿ ನೂರಕ್ಕೆ 15 ಹೆಚ್ಚಿತು ಎಂದುಕೊಳ್ಳಿ, 6 ಯೂನಿಟ್ ಹೆಚ್ಚು. ಅದೇ 6 ಯೂನಿಟ್ ಬೇಕಾದರೆ ಟ್ರ್ಯಾಕರ್ ಬೇಡ, ಮೂರೇ ಮೂರು ಪ್ಯಾನೆಲ್ ಹೆಚ್ಚಿಗೆ ಹಾಕಿದರೆ ಆಯಿತು. ಒಂದೊಂದಕ್ಕೆ 28 ಚದರ ಅಡಿ. ಮೋಟಾರಿಲ್ಲ, ಗ್ರೀಸಿಲ್ಲ, ಹಲ್ಲುಚಕ್ರವಿಲ್ಲ.

ಹಿಂದೆ ಈ ಮಾತು ಹೇಳುವ ಹಾಗಿರಲಿಲ್ಲ. 2008ರ ಸುಮಾರಿಗೆ ಪ್ಯಾನೆಲಿನ ಬೆಲೆ ಒಂದು ವ್ಯಾಟಿಗೆ ನೂರೈವತ್ತು ರೂಪಾಯಿಗೂ ಮೇಲೆ ಇತ್ತು. ಆಗ ಒಂದೊಂದು ಪ್ಯಾನೆಲೂ ಚಿನ್ನದ ತಗಡು. ಇದ್ದುದನ್ನೇ ತಿರುಗಿಸಿ ತಿರುಗಿಸಿ ಹೆಚ್ಚು ಹಿಂಡಬೇಕಿತ್ತು. ಈಗ ಪ್ಯಾನೆಲ್ ಅಗ್ಗವಾಗಿದೆ, ಕಬ್ಬಿಣವೂ ಮೋಟಾರೂ ಕೆಲಸದವರ ಕೂಲಿಯೂ ತುಟ್ಟಿಯಾಗಿದೆ. ಟ್ರ್ಯಾಕರಿನ ವಾದ ಹಳೆಯ ಬೆಲೆಯ ಕಾಲದ್ದು ಎಂದು ನನಗನ್ನಿಸಿದ್ದು ಇದಕ್ಕೆ.

ಕೊಚ್ಚಿ ವಿಮಾನ ನಿಲ್ದಾಣ ಏನು ಮಾಡಿತು?

ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ನೆಡುಂಬಾಶ್ಶೇರಿಯ ಕೊಚ್ಚಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2015ರ ಆಗಸ್ಟ್ 18ರಂದು ಜಗತ್ತಿನ ಮೊದಲ ಪೂರ್ಣ ಸೌರಶಕ್ತಿಯ ವಿಮಾನ ನಿಲ್ದಾಣ ಎನಿಸಿತು. 2018ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು. ಆದರೆ ಅವರು ಒಮ್ಮೆಲೇ ಅಲ್ಲಿಗೆ ಹಾರಲಿಲ್ಲ. 2013ರಲ್ಲಿ ಮೊದಲು ಟರ್ಮಿನಲ್ ಕಟ್ಟಡದ ಮಾಡಿನ ಮೇಲೆ 100 ಕಿಲೋವ್ಯಾಟ್ ಹಾಕಿ ನೋಡಿದರು. ಅದು ಸರಿ ಎನಿಸಿದ ಮೇಲೆ ವಿಮಾನ ರಿಪೇರಿಯ ಹ್ಯಾಂಗರಿನ ಮಾಡಿನಲ್ಲೂ ಪಕ್ಕದ ನೆಲದಲ್ಲೂ ಒಂದು ಮೆಗಾವ್ಯಾಟ್ ಹಾಕಿದರು. ಇದನ್ನು ಕೂರಿಸಿದ್ದು ಬೆಂಗಳೂರಿನ ಎಂವೀ ಕಂಪೆನಿ. ಆಮೇಲೆ ಕಾರ್ಗೋ ಹತ್ತಿರದ 45 ಎಕರೆಯಲ್ಲಿ 12 ಮೆಗಾವ್ಯಾಟ್, 46 ಸಾವಿರಕ್ಕೂ ಹೆಚ್ಚು ಪ್ಯಾನೆಲ್.

ಅಷ್ಟು ದೊಡ್ಡ ಸಂಸ್ಥೆ, ಇಂಜಿನಿಯರುಗಳ ಪಡೆ, 45 ಎಕರೆ ಜಾಗ. ಆದರೂ ಅಲ್ಲಿ ಹಾಕಿದ್ದು ಸ್ಟ್ಯಾಂಡಿಗೆ ಬಿಗಿದ ಸಾದಾ ಪ್ಯಾನೆಲ್ ಎಂಬುದನ್ನು ಗಮನಿಸಬೇಕು. ಪ್ಯಾನೆಲಿನ ಸಾಲುಗಳ ನಡುವೆ ತರಕಾರಿಯನ್ನೂ ಬೆಳೆಯುತ್ತಾರೆ, ಪ್ಯಾನೆಲ್ ತೊಳೆದ ನೀರೇ ಗಿಡಕ್ಕೆ. 2018ರ ಆಗಸ್ಟಿನ ಪ್ರಳಯದಲ್ಲಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು, ಸೋಲಾರ್ ಜಾಗಕ್ಕೂ ನೀರು ನುಗ್ಗಿ ಹಾನಿಯಾಗಿತ್ತು. ಮತ್ತೆ ಸರಿಪಡಿಸಿ ನಡೆಸಿದರು. 2022ರಲ್ಲಿ ಪಯ್ಯನ್ನೂರಿನ ಹತ್ತಿರ ಗುಡ್ಡದ ಮೇಲೆ ಇನ್ನೊಂದು 12 ಮೆಗಾವ್ಯಾಟ್ ಘಟಕವನ್ನೂ ಶುರು ಮಾಡಿದರು.

ಗಾಳಿಯ ಮಾತನ್ನೂ ಮರೆಯಬಾರದು. 2017ರ ನವೆಂಬರ್ 30ರ ಓಖಿ ಚಂಡಮಾರುತವನ್ನು ತಿರುವನಂತಪುರದವರು ಮರೆತಿಲ್ಲ. ತಾರಸಿಯ ಮೇಲೆ ಎದ್ದು ನಿಂತ ಪ್ಯಾನೆಲ್ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಅದರ ಎಳೆತವೆಲ್ಲ ನಮ್ಮ ಸ್ಲ್ಯಾಬಿಗೆ. ಮಲಗಿದ ಪ್ಯಾನೆಲಿಗೆ ಆ ಭಯ ಕಡಿಮೆ.

ಹಾಗಾದರೆ ಟ್ರ್ಯಾಕರ್ ಯಾರಿಗೆ?

ಟ್ರ್ಯಾಕರ್ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಸರಿಯಾದ ಜಾಗ ಬೇರೆ. ಅಮೆರಿಕದ ದೊಡ್ಡ ಸೋಲಾರ್ ಘಟಕಗಳಲ್ಲಿ ಹೆಚ್ಚಿನವು ಪೂರ್ವ–ಪಶ್ಚಿಮ ತಿರುಗುವವೇ. ಸಾವಿರಾರು ಪ್ಯಾನೆಲ್, ಮೋಡವಿಲ್ಲದ ಆಕಾಶ, ಬೇಕಾದಷ್ಟು ನೆಲ, ನೋಡಿಕೊಳ್ಳಲು ಸ್ವಂತ ಮೆಕ್ಯಾನಿಕ್. ಅಲ್ಲಿ ನೂರಕ್ಕೆ 15 ಹೆಚ್ಚಾದರೆ ಕೋಟಿಗಟ್ಟಲೆ ಹಣ.

ನಮ್ಮ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. ಮಳೆ ಬಾರದ ಊರು ಎಂದು ಹೆಸರಾಗಿದ್ದ ಆ ಸೀಮೆಯಲ್ಲಿ ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಇದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ರೈತರಿಂದ ಭೂಮಿ ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಬಾಡಿಗೆಗೆ ಹಿಡಿದರು. ಅಲ್ಲಿ ಬಿಸಿಲೇ ಬೆಳೆ. ಅಂಥ ಕಡೆ ಟ್ರ್ಯಾಕರಿನ ಲೆಕ್ಕ ಹಾಕಿ ನೋಡುವುದರಲ್ಲಿ ಅರ್ಥವಿದೆ.

ಇನ್ನೊಂದು, ಹೊಲದ ಸೋಲಾರ್ ಪಂಪುಸೆಟ್ಟು. ಕೆಲವು ಕಡೆ ರೈತರೇ ಪ್ಯಾನೆಲನ್ನು ಕೈಯಿಂದ ದಿನಕ್ಕೆ ಮೂರು ಸಲ, ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನ ದಕ್ಷಿಣಕ್ಕೆ, ಸಂಜೆ ಪಶ್ಚಿಮಕ್ಕೆ ತಿರುಗಿಸುತ್ತಾರೆ. ಪಂಪು ಹೆಚ್ಚು ಹೊತ್ತು ಓಡುತ್ತದೆ. ಹೊಲದಲ್ಲಿ ಹೇಗೂ ಒಬ್ಬ ಇರುತ್ತಾನೆ. ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನ ಊಟದ ರಶ್ಶಿನ ಹೊತ್ತಿಗೆ ತಾರಸಿಗೆ ಯಾರನ್ನು ಕಳಿಸುತ್ತೀರಿ?

ಅಡಿಗೆಯವರಿಗೆ ಒಂದು ವಿಶೇಷ

ಸೂರ್ಯನನ್ನು ಹಿಂಬಾಲಿಸಲೇ ಬೇಕಾದ ಒಂದು ಕೆಲಸ ನಮ್ಮ ವೃತ್ತಿಯಲ್ಲೇ ಇದೆ. ಅದು ಬಿಸಿಲಿನ ಹಬೆಯಲ್ಲಿ ಅಡಿಗೆ. ತಿರುಮಲದಲ್ಲಿ 2002ರಲ್ಲಿ 106 ದೊಡ್ಡ ಕನ್ನಡಿ ತಟ್ಟೆಗಳನ್ನು, ಶಿರಡಿಯಲ್ಲಿ 2009ರಲ್ಲಿ 73 ತಟ್ಟೆಗಳನ್ನು ಸಾವಿರಾರು ಭಕ್ತರ ಅಡಿಗೆಗೆ ಸ್ಥಾಪಿಸಿದರು. ಕನ್ನಡಿ ತಟ್ಟೆ ಬಿಸಿಲನ್ನು ಒಂದು ಬಿಂದುವಿಗೆ ಸೇರಿಸಿ ನೀರನ್ನು ಹಬೆ ಮಾಡುತ್ತದೆ. ಸೂರ್ಯ ಸ್ವಲ್ಪ ಸರಿದರೂ ಆ ಬಿಂದು ತಪ್ಪುತ್ತದೆ. ಹಾಗಾಗಿ ತಟ್ಟೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಲೇ ಇರಬೇಕು.

ಪುದುಚೇರಿ ಹತ್ತಿರದ ಆರೋವಿಲ್ಲಿನಲ್ಲಿ ಇನ್ನೊಂದು ಉಪಾಯ ಮಾಡಿದ್ದಾರೆ. ಅಲ್ಲಿಯ ಸೋಲಾರ್ ಕಿಚನ್ ಮಾಡಿನ ಮೇಲೆ 15 ಮೀಟರ್ ಅಗಲದ ದೊಡ್ಡ ಕನ್ನಡಿ ಬೋಗುಣಿ ಇದೆ. ಆ ಬೋಗುಣಿ ಅಲುಗಾಡುವುದಿಲ್ಲ. ಹಬೆಯ ಕೊಳವೆ ಮಾತ್ರ ಒಳಗೆ ಸೂರ್ಯನ ಜೊತೆ ಸರಿಯುತ್ತದೆ.

ಕನ್ನಡಿಗೂ ಪ್ಯಾನೆಲಿಗೂ ವ್ಯತ್ಯಾಸ ಇಷ್ಟೆ. ಕನ್ನಡಿಗೆ ನೇರ ಬಿಸಿಲೇ ಬೇಕು, ಮೋಡ ಬಂದರೆ ಒಲೆ ಆರಿದಂತೆ. ಪ್ಯಾನೆಲ್ ಚದುರಿದ ಬೆಳಕನ್ನೂ ತಿನ್ನುತ್ತದೆ. ಅದಕ್ಕೆ ಸೂರ್ಯನ ಮುಖ ನೋಡಲೇ ಬೇಕೆಂಬ ಹಟವಿಲ್ಲ.

ಹೋಟೆಲ್ ತಾರಸಿಯ ನಿಜವಾದ ಶತ್ರುಗಳು

ಹಾಕಿದ ಮೇಲೆ ನನಗೆ ಗೊತ್ತಾದ ಮಾತು ಇದು. ನಮ್ಮ ಕರೆಂಟು ಕಡಿಮೆಯಾಗುವುದು ಪ್ಯಾನೆಲ್ ತಿರುಗದ್ದರಿಂದ ಅಲ್ಲ, ಬೇರೆ ಕಾರಣಗಳಿಂದ.

ಮೊದಲನೆಯದು ನಮ್ಮದೇ ಹೊಗೆಗೂಡು. ಒಗ್ಗರಣೆಯ ಎಣ್ಣೆ, ವಡೆ ಕರಿದ ಜಿಡ್ಡು ಹೊಗೆಯ ಜೊತೆ ಮೇಲೆ ಹೋಗಿ ಪ್ಯಾನೆಲಿನ ಗಾಜಿಗೆ ಅಂಟುತ್ತದೆ. ಅದರ ಮೇಲೆ ರಸ್ತೆಯ ಧೂಳು ಕೂರುತ್ತದೆ. ಮನೆಯ ಪ್ಯಾನೆಲನ್ನು ಮಳೆ ತೊಳೆಯುತ್ತದೆ, ಹೋಟೆಲಿನದ್ದನ್ನು ತೊಳೆಯುವುದಿಲ್ಲ. ಹಾಕಿದ ಮೂರನೇ ತಿಂಗಳು ಯೂನಿಟ್ ಇಳಿಯುತ್ತಾ ಬಂದಾಗ ನಾನು ಮೋಡ ಎಂದುಕೊಂಡಿದ್ದೆ. ನಮ್ಮ ಕ್ಲೀನರ್ ಮಾಣಿ ಮೇಲೆ ಹೋಗಿ ಬೆರಳು ಎಳೆದು ತೋರಿಸಿದ, ಕಾವಲಿಗೆ ಎಣ್ಣೆ ಸವರಿದ ಹಾಗಿತ್ತು. ಹೊಗೆಗೂಡಿನ ಕೊಳವೆಯನ್ನು ಎತ್ತರಿಸಿ ಗಾಳಿ ಬೀಸುವ ಕಡೆಗೆ ತಿರುಗಿಸಿದೆ. ಈಗ ಹದಿನೈದು ದಿನಕ್ಕೊಮ್ಮೆ ಮುಂಜಾನೆ ಬಿಸಿಲೇರುವ ಮೊದಲು ತೆಳು ಸೋಪು ನೀರು, ಮೆತ್ತನೆ ಬ್ರಶ್ಶು ಹಾಕಿ ತೊಳೆಸುತ್ತೇನೆ. ಕಾದ ಗಾಜಿಗೆ ತಣ್ಣೀರು ಹೊಯ್ಯಬಾರದು. ಪಾತ್ರೆ ಉಜ್ಜುವ ನಾರು ತಾಗಿಸಲೇ ಬಾರದು.

ಎರಡನೆಯದು ನೆರಳು. ಪಕ್ಕದವರ ತೆಂಗಿನ ಮರ, ನಮ್ಮದೇ ನೀರಿನ ಟ್ಯಾಂಕು, ಎದುರಿನ ಹೋರ್ಡಿಂಗು. ಮೂರನೆಯದು ಕಾಗೆ. ಅನ್ನ ಬೀಳುವ ಜಾಗದಲ್ಲಿ ಕಾಗೆ ಇದ್ದೇ ಇರುತ್ತದೆ. ಅವುಗಳ ಹಿಕ್ಕೆ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಕೂತರೂ ನಷ್ಟವೇ.

ಇನ್ನೂ ಒಂದು ಮಾತು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಕರೆಂಟು ಅವನಿಗೆ ಹೊಡೆಯಬಾರದು ಎಂಬುದಕ್ಕೆ ಈ ಏರ್ಪಾಡು. ಜನರೇಟರ್ ಮಾರಿಬಿಡಬೇಡಿ.

ನನ್ನ ಈಗಿನ ಸ್ಥಿತಿ

2023ರ ಮಾರ್ಚಿನಲ್ಲಿ 21 ಸಾದಾ ಪ್ಯಾನೆಲ್ ಹಾಕಿಸಿದೆ. ಫೆಬ್ರವರಿ–ಮಾರ್ಚಿನಲ್ಲಿ ದಿನಕ್ಕೆ 55 ಯೂನಿಟಿನ ಆಸುಪಾಸು ಬರುತ್ತದೆ. ಜೂನ್–ಜುಲೈನಲ್ಲಿ 35ಕ್ಕೆ ಇಳಿಯುತ್ತದೆ. ಕತ್ತಲು ಕವಿದ ಮಳೆಯ ದಿನ ಹತ್ತು ಬಂದರೆ ಹೆಚ್ಚು. ಬಿಲ್ಲು ಸೊನ್ನೆ ಆಗಿಲ್ಲ, ಹೋಟೆಲಿಗೆ ಆಗುವುದೂ ಇಲ್ಲ. ಆದರೆ ಮೊದಲಿನ ಅರ್ಧದಷ್ಟಕ್ಕೆ ಬಂದಿದೆ. ಚಿಟ್ಟಿಯ ಹಣದಲ್ಲಿ ಕೈ ಹಾಕಿದ್ದಕ್ಕೆ ಮನೆಯವಳ ಎದುರು ತಲೆ ತಗ್ಗಿಸುವ ಪ್ರಸಂಗ ಬರಲಿಲ್ಲ. ಉಳಿದ ಹಣವನ್ನು ಪ್ರತಿ ತಿಂಗಳೂ ಅದೇ ಲೆಕ್ಕಕ್ಕೆ ವಾಪಸು ಕಟ್ಟುತ್ತಿದ್ದೇನೆ.

ಸಹಿ ಹಾಕುವ ಮೊದಲು

1. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ನೀವೇ ತಾರಸಿಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರಿನಲ್ಲಿ ನೆರಳು ಉತ್ತರಕ್ಕೆ ಉದ್ದವಾಗುತ್ತದೆ ಎಂಬುದು ನೆನಪಿರಲಿ.

2. “ಎಷ್ಟು ಶೇಕಡಾ ಹೆಚ್ಚು” ಎಂದು ಕೇಳಬೇಡಿ. “ನನ್ನ ಈ ತಾರಸಿಯಲ್ಲಿ ವರ್ಷಕ್ಕೆ ಒಟ್ಟು ಎಷ್ಟು ಯೂನಿಟ್, ಎಷ್ಟು ರೂಪಾಯಿಗೆ” ಎಂದು ಕೇಳಿ. ಬರವಣಿಗೆಯಲ್ಲಿ ತೆಗೆದುಕೊಳ್ಳಿ.

3. ದಕ್ಷಿಣಕ್ಕೆ ಜಾಗ ಇಲ್ಲದಿದ್ದರೆ ಅರ್ಧ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ ಹತ್ತು ಡಿಗ್ರಿ ವಾಲಿಸಿ ಹಾಕಬಹುದು. ನಮ್ಮ ದಕ್ಷಿಣದ ಊರುಗಳಲ್ಲಿ ಇದರಿಂದ ಆಗುವ ನಷ್ಟ ತೀರಾ ಸ್ವಲ್ಪ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕರೆಂಟು ಸಿಗುತ್ತದೆ. ಯಂತ್ರವಿಲ್ಲದ ಟ್ರ್ಯಾಕರ್ ಎನ್ನಿ.

4. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಬ್ಸಿಡಿ ಮನೆಗಳಿಗೆ, ಹೋಟೆಲಿಗಲ್ಲ. ನಿಮಗೂ ಸಿಗುತ್ತದೆ ಎನ್ನುವವರನ್ನು ನಂಬಬೇಡಿ. ಆದರೆ ಆದಾಯ ತೆರಿಗೆಯಲ್ಲಿ ಸವಕಳಿಯ ಲಾಭ ಇದೆ, ನಿಮ್ಮ ಆಡಿಟರನ್ನು ಕೇಳಿ.

5. ಹೆಚ್ಚುವರಿ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಗಾಗ ಬದಲಾಗುತ್ತದೆ. ಇಲ್ಲಿಯವರು ಕೆ.ಎಸ್.ಇ.ಬಿ. ಸೆಕ್ಷನ್ ಆಫೀಸಿನಲ್ಲಿ, ಕರ್ನಾಟಕದವರು ತಮ್ಮ ಎಸ್ಕಾಂನಲ್ಲಿ ವಿಚಾರಿಸಿಯೇ ಮುಂದೆ ಹೋಗಿ.

6. ಯಾವ ಯಂತ್ರವೇ ಆಗಲಿ, ನಿಮ್ಮ ಊರಿನಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದಾರೆಯೇ ಎಂದು ಮೊದಲು ನೋಡಿ. ಗ್ರೈಂಡರ್ ಕೊಳ್ಳುವಾಗ ನಾವು ಇದನ್ನೇ ಕೇಳುತ್ತೇವೆ. ಸೋಲಾರಿಗೆ ಮಾತ್ರ ಯಾಕೆ ಮರೆಯಬೇಕು?

ತಿರುವನಂತಪುರಕ್ಕೆ ಆಸ್ಪತ್ರೆಯ ಕೆಲಸಕ್ಕೋ ಪದ್ಮನಾಭನ ದರ್ಶನಕ್ಕೋ ಬಂದ ಬಾಂಧವರು ಉಳ್ಳೂರಿಗೂ ಬನ್ನಿ. ತಾರಸಿಗೆ ಕರೆದುಕೊಂಡು ಹೋಗಿ ಮೀಟರ್ ತೋರಿಸುತ್ತೇನೆ. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಫೈಲಿನಲ್ಲಿ ಇಟ್ಟಿದ್ದೇನೆ. ಕಾಫಿ ಕುಡಿಯುತ್ತಾ ಲೆಕ್ಕ ಹಾಕೋಣ.